ಅರಗದ ಕಲ್ಲು

ನಾನು ಒಂದು ಜೀವಕೋಶ. ಹುಟ್ಟಿದ್ದು ಹುಲಿಗೆವ್ವ ಎಂಬ ಹೆಂಗಸಿನ ಸೊಂಟದ ಮೂಳೆಯ ಮಜ್ಜೆಯಲ್ಲಿ. ನನ್ನ ಜೊತೆ ಅದೇ ದಿನ ಕೋಟಿಗಟ್ಟಲೆ ಕೋಶಗಳು ಹುಟ್ಟಿದವು. ಹೆಚ್ಚಿನವು ಕೆಂಪಗಾಗಿ ಉಸಿರು ಹೊರಲು ಹೋದವು. ನನಗೆ ಬಣ್ಣವಿರಲಿಲ್ಲ. ರಕ್ತದಲ್ಲಿ ಒಂದೆರಡು ದಿನ ತೇಲಿ, ಅವಳ ಬಲ ಶ್ವಾಸಕೋಶದ ಮೇಲ್ಭಾಗಕ್ಕೆ ಬಂದು ಇಳಿದೆ. ಗಾಳಿ ಬಂದು ತಂಗುವ ಪುಟ್ಟ ಗೂಡೊಂದು ನನ್ನ ಪಾಲಿಗೆ ಬಂತು. ಅದನ್ನು ಚೊಕ್ಕಟವಾಗಿ ಇಡುವುದೇ ನನ್ನ ಕೆಲಸ. ಓದಿದವರು ನಮ್ಮನ್ನು ಭಕ್ಷಕಕೋಶ ಎನ್ನುತ್ತಾರಂತೆ.

ಕೆಲಸವನ್ನು ಯಾರೂ ಕಲಿಸಲಿಲ್ಲ, ಬರುತ್ತಿತ್ತು. ಕಸವೊಂದು ಬಂದು ಕೂತರೆ ನನ್ನ ಮೈಯ ತೆಳುಪೊರೆಯನ್ನು ಅದರ ಸುತ್ತ ಚಾಚುತ್ತೇನೆ. ಪೊರೆಯ ಅಂಚುಗಳು ಕೂಡಿದವೆಂದರೆ ಅದೇ ಒಂದು ಚೀಲ. ಕಸ ಚೀಲದೊಳಗೆ, ಚೀಲ ನನ್ನೊಳಗೆ. ನನ್ನಲ್ಲಿ ಇನ್ನೊಂದು ಬಗೆಯ ಚಿಕ್ಕ ಚೀಲಗಳೂ ಇವೆ. ಅವುಗಳ ತುಂಬ ಹುಳಿಹುಳಿಯಾದ ರಸ. ಅವು ಬಂದು ಮೊದಲಿನ ಚೀಲಕ್ಕೆ ಅಂಟಿ ಒಂದಾಗುತ್ತವೆ, ರಸ ಸುರಿಯುತ್ತದೆ, ಒಳಗಿದ್ದದ್ದು ಕರಗುತ್ತದೆ. ಬೇಕಾದದ್ದನ್ನು ಹೀರಿಕೊಂಡು ಉಳಿದದ್ದನ್ನು ಚೀಲದಲ್ಲೇ ಅಂಚಿಗೆ ಒಯ್ದು ಹೊರಗೆ ಚೆಲ್ಲುತ್ತೇನೆ. ಚೀಲದ ಪೊರೆ ಮತ್ತೆ ನನ್ನ ಮೈಯ ಪೊರೆಯೊಡನೆ ಸೇರಿಹೋಗುತ್ತದೆ. ರಸ ಮಾತ್ರ ಚೀಲ ಬಿಟ್ಟು ನನ್ನೊಳಗೆ ಚೆಲ್ಲಬಾರದು. ಚೆಲ್ಲಿದರೆ ಕರಗುವುದು ನಾನೇ.

ಮೊದಲ ದಿನ ಒಲೆಯ ಮಸಿಯನ್ನು ನುಂಗಿದೆ. ಮರುದಿನ ನೆಗಡಿಯ ಜೊತೆ ಬಂದ ಒಂದು ರೋಗಾಣುವನ್ನು ಅರಗಿಸಿದೆ. ನನ್ನ ಶಕ್ತಿಯ ಬಗ್ಗೆ ನನಗೆ ಹೆಮ್ಮೆಯೇ ಆಯಿತು.

ಹುಲಿಗೆವ್ವನ ಮುಖವನ್ನು ನಾನು ಕಂಡಿಲ್ಲ. ಆದರೆ ಅವಳು ಆಡುವ ಮಾತಿನ ಗಾಳಿ ನನ್ನ ಗೂಡಿನಿಂದಲೇ ಹೊರಡಬೇಕು. ಎದುರಿನವರ ಮಾತು ಅವಳ ಎದೆಗೆ ಬಡಿದು ಮಂದವಾಗಿ ಕೇಳುತ್ತದೆ. ಹಾಗೆ ಕೇಳಿ ಕೇಳಿ ಅವಳ ಬದುಕನ್ನು ತಿಳಿದುಕೊಂಡೆ. ವಯಸ್ಸು ಮೂವತ್ತೈದು. ಕೆಲಸ ಗುಡ್ಡದ ಬದಿಯ ಮಿಲ್ಲಿನಲ್ಲಿ. ಅಲ್ಲಿ ಬೆಣಚುಕಲ್ಲನ್ನು ಹಿಟ್ಟಿನಂತೆ ಬೀಸಿ ಗಾಜಿನ ಕಾರ್ಖಾನೆಗಳಿಗೆ ಕಳಿಸುತ್ತಾರೆ. ಗಂಡ ಕನಕಪ್ಪ ಯಂತ್ರದ ಬಾಯಿಗೆ ಕಲ್ಲು ಹಾಕುತ್ತಿದ್ದ, ಇವಳು ಹಿಟ್ಟನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿಯುತ್ತಿದ್ದಳು. ಕನಕಪ್ಪ ಕೆಮ್ಮಿ ಕೆಮ್ಮಿ ಸತ್ತು ಮೂರು ವರ್ಷವಾಗಿತ್ತು. ಇವಳು ಇನ್ನೂ ಚೀಲ ತುಂಬುತ್ತಿದ್ದಳು.

ಆ ಹಿಟ್ಟು ನನ್ನ ಗೂಡಿಗೂ ಬಂತು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು, ಸೆರಗನ್ನು ಮೂಗಿಗೆ ಕಟ್ಟಿಕೊಂಡರೂ ನುಸುಳುವಂಥವು. ಒಂದನ್ನು ನುಂಗಿದೆ. ರಸ ಸುರಿಯಿತು. ಕರಗಲಿಲ್ಲ. ಇನ್ನಷ್ಟು ಸುರಿಯಿತು. ಕಲ್ಲು ಕಲ್ಲಾಗಿಯೇ ಉಳಿಯಿತು. ಹೊರಗೆ ಚೆಲ್ಲಲೂ ಆಗದೆ ಅದನ್ನು ಒಳಗೇ ಇಟ್ಟುಕೊಂಡೆ. ಪಕ್ಕದ ಗೂಡಿನ ಕೋಶ ನನಗಿಂತ ಹಿರಿಯದು, ಅದರೊಳಗೆ ಅಂಥ ಚೂರು ಹತ್ತಾರಿದ್ದವು. ಒಂದು ದಿನ ಒಂದು ಚೂರು ಚೀಲದ ಪೊರೆಯನ್ನು ಹರಿಯಿತು. ಹುಳಿರಸ ಅದರ ಒಳಮೈಗೆಲ್ಲ ಹರಡಿತು. ನೋಡನೋಡುತ್ತಲೇ ಆ ಕೋಶ ಕರಗಿಹೋಯಿತು. ಚೂರುಗಳು ಮಾತ್ರ ಮೊದಲಿನಷ್ಟೇ ಹೊಳೆಯುತ್ತ ಹೊರಗೆ ಬಿದ್ದವು. ಕಸ ಬಿದ್ದರೆ ನುಂಗುವುದು ನನ್ನ ಕೆಲಸ. ಅವುಗಳಲ್ಲಿ ಕೆಲವನ್ನು ನಾನೇ ನುಂಗಿದೆ.

ಹೀಗೆ ನಮ್ಮವು ಸತ್ತ ಜಾಗದಲ್ಲೆಲ್ಲ ನಾರು ನೇಯುವ ಕೋಶಗಳು ಬಂದು ಬಿಗಿಯಾಗಿ ನೇಯ್ದವು. ಗಾಯ ಮುಚ್ಚುವುದು ಅವುಗಳ ಕೆಲಸ. ಆದರೆ ಮುಚ್ಚಿದ ಗೂಡಿಗೆ ಮತ್ತೆಂದೂ ಗಾಳಿ ಬರುವುದಿಲ್ಲ. ಹುಲಿಗೆವ್ವನಿಗೆ ನೀರಿನ ಕೊಡ ಹೊತ್ತು ಮನೆ ಸೇರುವಷ್ಟರಲ್ಲಿ ಎರಡು ಸಲ ಕೂರಬೇಕಾಯಿತು.

ಕೆಮ್ಮು ಜೋರಾದಾಗ ಮಿಲ್ಲಿನ ಮೇಸ್ತ್ರಿ ವಿರುಪಣ್ಣ ಹೇಳಿದ: "ದವಾಖಾನಿಗೆ ಹೋಗಬೇ, ಬ್ಯಾಡ ಅನ್ನಂಗಿಲ್ಲ. ಆದ್ರ ಮಿಲ್ಲಿನ ಸುದ್ದಿ ತೆಗೀಬ್ಯಾಡ. ತೆಗದಿ ಅಂದ್ರ ನಾಳಿಂದ ಇತ್ತಾಗ ಬರಬ್ಯಾಡ."

ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನು ಕೆಲಸ ಮಾಡ್ತೀರಮ್ಮ?"

ಅವಳ ಉಸಿರು ಬಿಗಿಯಿತು. ನನ್ನ ಗೂಡು ಒಂದು ಕ್ಷಣ ಅಲುಗಲಿಲ್ಲ.

"ಮನಿಗೆಲ್ಸರೀ," ಅಂದಳು.

ಕಫದಲ್ಲಿ ರೋಗಾಣು ಸಿಗಲಿಲ್ಲ. ಆದರೂ ಎದೆಯ ಫೋಟೋದಲ್ಲಿ ಮಚ್ಚೆಗಳಿದ್ದವು, ಗಂಡ ಟೀಬಿಯಲ್ಲಿ ಸತ್ತಿದ್ದನೆಂದು ಅವಳೇ ಹೇಳಿದ್ದಳು. ಆರು ತಿಂಗಳ ಟೀಬಿ ಗುಳಿಗೆ ಬರೆದುಕೊಟ್ಟರು. ಅವಳು ಒಂದು ದಿನವೂ ತಪ್ಪಿಸದೆ ನುಂಗಿದಳು. ಮದ್ದು ರಕ್ತದಲ್ಲಿ ಹರಿದು ನಮ್ಮ ಓಣಿಗಳಿಗೆಲ್ಲ ಬರುತ್ತಿತ್ತು, ಕೊಲ್ಲಬೇಕಾದ ರೋಗಾಣು ಸಿಗದೆ ಹಾಗೆಯೇ ಹೊರಟುಹೋಗುತ್ತಿತ್ತು. ಆ ಆರು ತಿಂಗಳೂ ಅವಳು ಬೆಳಿಗ್ಗೆ ಗುಳಿಗೆ ನುಂಗಿ ಮಿಲ್ಲಿಗೆ ಹೋದಳು.

ಗುಳಿಗೆ ಮುಗಿದ ತಿಂಗಳು ಮಾಬುನ್ನಿ ಕೆಮ್ಮತೊಡಗಿದಳು. ಇಪ್ಪತ್ತಾರರ ಮಾಬುನ್ನಿ ಮಿಲ್ಲಿನಲ್ಲಿ ಹುಲಿಗೆವ್ವನ ಎದುರಿಗೆ ಕೂತು ಚೀಲ ಹಿಡಿಯುವವಳು. ವಿರುಪಣ್ಣ ಅವಳಿಗೂ ಅದೇ ಮಾತು ಹೇಳಿದ.

"ಯಕ್ಕಾ, ನೀನೂ ಜೋಡಿ ಬಾ. ನನಗ ಒಬ್ಬಾಕೀಗೆ ಅಂಜಿಕಿ ಬರ್ತೈತಿ," ಅಂದಳು ಮಾಬುನ್ನಿ.

ಆಸ್ಪತ್ರೆಯಲ್ಲಿ ಈ ಸಲ ಬೇರೆ ಡಾಕ್ಟರು, ಹೆಣ್ಣುಮಗಳು. ಅದೇ ಪ್ರಶ್ನೆ ಕೇಳಿದರು. "ಮನಿಗೆಲ್ಸ" ಎಂದು ಮಾಬುನ್ನಿ ಶುರುಮಾಡಿದಳು. ಹುಲಿಗೆವ್ವ ಉಸಿರೆಳೆದುಕೊಂಡಳು. ಅಷ್ಟು ಆಳದ ಉಸಿರು ನಮ್ಮ ಕಡೆಗೆ ಬಂದು ಎಷ್ಟೋ ದಿನವಾಗಿತ್ತು.

"ಸುಳ್ಳರೀ ಡಾಕ್ಟರಮ್ಮ. ನಾವಿಬ್ರೂ ಕಲ್ಲಿನ ಮಿಲ್ಲಿನ್ಯಾಗ ದುಡಿತೀವಿ. ಬೆಣಚುಕಲ್ಲಿನ ಹಿಟ್ಟು ತುಂಬ್ತೀವಿ. ನನಗ ಎಂಟು ವರ್ಷ ಆತು, ಈಕೀಗೆ ಎರಡು. ಹೋದ ಸಲ ನಾನೂ ಸುಳ್ಳ ಹೇಳಿದ್ದೆ."

ಡಾಕ್ಟರು ಇಬ್ಬರ ಎದೆಯ ಫೋಟೋವನ್ನೂ ತೆಗೆಸಿದರು. ಅವನ್ನು ನೋಡಿ ಹೇಳಿದರು:

"ಇದು ಟೀಬಿ ಅಲ್ಲಮ್ಮ. ಕಲ್ಲಿನ ಪುಡಿ. ಒಳಗೆ ಕೂತುಬಿಟ್ಟಿದೆ."

"ತೆಗಿಯಾಕ ಬರ್ತೈತೇನ್ರೀ?"

"ಇಲ್ಲಮ್ಮ."

"ಈಕೀದು?"

"ಇವರದ್ದು ಈಗ ಶುರು. ಇವತ್ತೇ ಕೆಲಸ ಬಿಟ್ಟರೆ ಹೆಚ್ಚಾಗದೆ ಇರಬಹುದು. ಖಾತ್ರಿ ಅಂತ ಹೇಳಲಾರೆ."

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಹುಲಿಗೆವ್ವನ ಎದೆ ಅಳುವಿಗೆ ನಡುಗುತ್ತಿತ್ತು. ಅಳುವುದಕ್ಕೂ ಉಸಿರು ಬೇಕು, ಅವಳಲ್ಲಿ ಅಷ್ಟಿರಲಿಲ್ಲ.

"ಕನಕಪ್ಪನ್ನ ದವಾಖಾನಿಗೆ ಕರಕೊಂಡು ಬಂದಾಗ್ಲೂ ನಾನ ಹೇಳಿದ್ದು, ಹೊಲಕ್ಕ ಕೂಲಿಗೆ ಹೊಕ್ಕಾನ ಅಂತ. ಅಂವ ನನ್ನ ಮಾರಿ ನೋಡಿ ಸುಮ್ನಾದ. ಖರೇ ಹೇಳಿದ್ರ ಅಂವ ಉಳೀತಿದ್ನೋ ಏನೋ."

ಮಾಬುನ್ನಿ ಅವಳ ಬೆನ್ನು ಸವರುತ್ತ ಕೂತಳು. ಆ ಕೈಯ ಬಿಸಿ ನನ್ನ ಗೂಡಿನವರೆಗೂ ಬಂತು.

ಕೊನೆಗೆ ಹುಲಿಗೆವ್ವನೇ ಹೇಳಿದಳು, "ನಾಳಿಂದ ನೀ ಮಿಲ್ಲಿಗೆ ಕಾಲಿಡಬ್ಯಾಡ. ಉಪಾಸ ಬಿದ್ರೂ ಬ್ಯಾಡ. ನನ್ನ ಮ್ಯಾಲೆ ಆಣಿ ಮಾಡು."

ಮಾಬುನ್ನಿ ಆಣೆ ಮಾಡಿದಳು. ಆಸ್ಪತ್ರೆಯಲ್ಲಿ ಆಡಿದ ಮಾತು ಮಿಲ್ಲಿಗೂ ಮುಟ್ಟಿ, ಮರುದಿನ ಕೆಲಸಕ್ಕೆ ಹೋದ ಹುಲಿಗೆವ್ವನನ್ನು ವಿರುಪಣ್ಣ ಬಾಗಿಲಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸಿದ. ಯಾರೋ ಅಧಿಕಾರಿಗಳು ಜೀಪಿನಲ್ಲಿ ಬಂದು ಬರೆದುಕೊಂಡು ಹೋದರು. ಮಿಲ್ಲು ಎಂಟು ದಿನ ನಿಂತಿತು. ಒಂಬತ್ತನೆಯ ದಿನ ಬೇರೆ ಊರಿನ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದಿಳಿದರು ಎಂದು ಮಾಬುನ್ನಿ ಬಂದು ಹೇಳಿದಳು. ಅವಳು ಈಗ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ. ಅಲ್ಲಿ ಘಾಟಿಗೆ ಸೀನು ಬರುತ್ತದಂತೆ, ಆದರೆ ಕೆಮ್ಮು ಮೊದಲಿನಷ್ಟಿಲ್ಲವಂತೆ.

ಹುಲಿಗೆವ್ವ ಈಗ ಮಲಗಲಾರಳು. ಗೋಡೆಗೆ ಒರಗಿ, ಮೊಣಕಾಲಿನ ಮೇಲೆ ಕೈಯೂರಿ ಕೂತಲ್ಲೇ ದಿನ ಕಳೆಯುತ್ತಾಳೆ. ಮಾಬುನ್ನಿ ಕೆಲಸಕ್ಕೆ ಹೋಗುವ ಮುಂಚೆ ಅಂಬಲಿ ತಂದು ಕುಡಿಸುತ್ತಾಳೆ. ಎರಡು ಗುಟುಕಿನ ನಡುವೆ ಹುಲಿಗೆವ್ವನಿಗೆ ಉಸಿರು ಮರಳುವವರೆಗೆ ಕಾಯುತ್ತಾಳೆ. ಹುಲಿಗೆವ್ವ ಅವಳಿಗೆ ಪ್ರತಿದಿನ ಒಂದೇ ಮಾತು ಕೇಳುತ್ತಾಳೆ: "ಮಿಲ್ಲಿನ ಕಡಿಗೆ ಹೋಗಿಲ್ಲಲ್ಲ?" ಇಲ್ಲ ಎಂದರೆ ಉಸಿರು ತುಸು ಸಡಿಲವಾಗುತ್ತದೆ. ಅಷ್ಟೇ ಈಗ ನಮಗೆ ಬರುವ ಒಳ್ಳೆಯ ಗಾಳಿ.

ನನಗೂ ವಯಸ್ಸಾಯಿತು. ನನ್ನ ಸುತ್ತ ಮೂರು ಕಡೆ ನಾರಿನ ಗೋಡೆ ಎದ್ದಿದೆ. ನನ್ನೊಳಗಿನ ಚೂರುಗಳನ್ನು ಎಣಿಸುವುದು ಬಿಟ್ಟಿದ್ದೇನೆ. ಇವತ್ತು ಒಂದು ಚೀಲದ ಪೊರೆ ಹರಿಯಿತು. ರಸ ಮೆಲ್ಲಗೆ ಹರಡುತ್ತಿದೆ, ಉರಿಯುತ್ತಿದೆ. ಹೀಗಾದಾಗ ನಮ್ಮಂಥವು ಮಾಡುವ ಕೊನೆಯ ಕೆಲಸ ಒಂದಿದೆ. ಮಾಡಬೇಕೆಂದು ಮಾಡುವುದಲ್ಲ, ತಾನಾಗಿಯೇ ಆಗುತ್ತದೆ. ಇಲ್ಲಿ ಕೇಡಾಗಿದೆ, ಬನ್ನಿ ಎಂಬ ಕರೆ ನನ್ನಿಂದ ಹೊರಗೆ ಸೋರಿ ರಕ್ತಕ್ಕೆ ಸೇರುತ್ತದೆ.

ಕರೆ ಆಗಲೇ ಹೋಗಿದೆ. ಹೊಸ ಕೋಶವೊಂದು ರಕ್ತನಾಳದ ಗೋಡೆಯನ್ನು ನುಸುಳಿ ನನ್ನ ಕಡೆಗೆ ಬರುತ್ತಿದೆ. ಮೊನ್ನೆ ಮೊನ್ನೆ ಮಜ್ಜೆಯಲ್ಲಿ ಹುಟ್ಟಿದ್ದು, ಮೈಯಲ್ಲಿ ಒಂದು ಕಲೆಯೂ ಇಲ್ಲ, ಹಸಿದಿದೆ. ನಾನು ಬಿಟ್ಟುಹೋಗುವ ಕಲ್ಲಿನ ಸುತ್ತ ಅದು ತನ್ನ ಪೊರೆಯನ್ನು ಚಾಚುತ್ತದೆ. ಬನ್ನಿ ಎನ್ನಲು ನನಗೆ ಬರುತ್ತದೆ. ಬ್ಯಾಡ ಎನ್ನಲು ಹುಲಿಗೆವ್ವನಿಗೆ ಬಂದಂತೆ ನನಗೆ ಬರುವುದಿಲ್ಲ.