ಅಂಟು ಹಾಕಿದ ಬಟ್ಟಲು

ಆ ದಿನ ಬೆಳಿಗ್ಗೆ ಕಡಲ ಮೇಲಿಂದ ಎದ್ದು ಬಂದ ಮಂಜು ದಡದ ಕಲ್ಲುಹಾಸಿನ ಮೇಲೆ ಕೂತದ್ದು ಕೂತೇ ಇತ್ತು. ಇಂಥ ಮಂಜಿನಲ್ಲಿ ಕಡಲಸೊಪ್ಪು ಒಣಗುವುದಿಲ್ಲ. ಹೊತ್ತಿಗೆ ಸರಿಯಾಗಿ ಮಗುಚಿ ಹಾಕದಿದ್ದರೆ ಕೊಳೆತು ಲೋಳೆಯಾಗುತ್ತದೆ.

"ಏನೇ ಮುದ್ಕಿ, ಸೊಂಟ ಹಿಡ್ಕೊಂಡು ನಿಂತ್ಬುಟ್ಟೆ? ನಿನ್ನ ಸೊಂಟಕ್ಕೆ ನಾನು ಕೂಲಿ ಕೊಡ್ಬೇಕಾ, ಸೊಪ್ಪಿಗಾ?" ದೋಣಿಯ ಧಣಿ ಕುದೋ ಕೂಗಿದ.

ಯಾಸುನೊ ಬಗ್ಗಿದಳು. ಅರವತ್ತರ ಹತ್ತಿರದ ಮೈ, ಉಪ್ಪು ತಿಂದು ಸೀಳಿದ ಬೆರಳು. "ಈ ಸಾಲು ಮುಗಿಸಿ ಹೊರಡ್ತೀನಿ ಧಣಿ. ಪಟ್ಟಣದ ವಿಶ್ವವಿದ್ಯಾಲಯದೋರು ಕರೆಸವ್ರೆ."

"ನಿನ್ನನ್ನ? ಓಹೋ, ಅಳತೆ ತಗಳಕ್ಕಾ! ಐನು ಬುರುಡೆಗಳನ್ನ ಅಳ್ದು ಅಳ್ದು ಇನ್ನೂ ಸಾಕಾಗ್ಲಿಲ್ವಂತಾ ಆ ಪಂಡಿತರಿಗೆ?"

ದೋಣಿಯವರೆಲ್ಲ ನಕ್ಕರು. ಆ ದ್ವೀಪದ ಮೂಲನಿವಾಸಿಗಳಾದ ಐನು ಜನರವಳು ಯಾಸುನೊ; ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವ ವಯಸ್ಸೆಲ್ಲ ಈ ಕಲ್ಲುಗಳ ಮೇಲೇ ಕಳೆದಿತ್ತು. "ನಮ್ಮವ್ವನ್ನ ವಾಪಸ್ ಕೇಳಕ್ಕೆ ಹೋಯ್ತಿವ್ನಿ," ಎಂದಷ್ಟೇ ಹೇಳಿ ಸಾಲು ಮುಗಿಸಿದಳು.

ಅವ್ವ ಸತ್ತಾಗ ಅವಳಿಗೆ ಏಳು ವರ್ಷ. ಎರಡು ವರ್ಷ ಕಳೆಯುವಷ್ಟರಲ್ಲಿ ಪಟ್ಟಣದ ಪಂಡಿತರು ಒಬ್ಬ ಪೊಲೀಸನನ್ನು ಮುಂದಿಟ್ಟುಕೊಂಡು ಬಂದು, ಗುಡ್ಡದ ಗೋರಿಗಳನ್ನೆಲ್ಲ ತೋಡಿದರು. ತಲೆಬುರುಡೆಗಳನ್ನೂ ಪಕ್ಕದಲ್ಲಿ ಸಿಕ್ಕ ಪಾತ್ರೆ ಪಗಡೆಗಳನ್ನೂ ಸೇಬಿನ ಪೆಟ್ಟಿಗೆಗೆ ತುಂಬಿ ಒಯ್ದರು. ಅದಾಗಿ ಐವತ್ತು ವರ್ಷ. ತಮ್ಮ ಸೇಕಿಚಿ ಹತ್ತು ವರ್ಷದಿಂದ ವಾಪಸ್ ಕೊಡಿ ಎಂದು ಕಾಗದ ಬರೆದೂ ಬರೆದೂ, ಈಗ ಒಂದು ಉತ್ತರ ಬಂದಿತ್ತು: ಹೊಸ ವಸ್ತುಸಂಗ್ರಹಾಲಯ ತೆರೆಯುತ್ತಿದ್ದೇವೆ, ನಿಮ್ಮೂರಿನ ಸಾಮಾನು ಗುರುತಿಸಲು ಬನ್ನಿ.

ರೈಲಿನಲ್ಲಿ ಸೇಕಿಚಿ ಹಲ್ಲು ಕಡಿಯುತ್ತಲೇ ಇದ್ದ. "ಅಕ್ಕಯ್ಯ, ಅಲ್ಲಿ ತಲೆ ಬಗ್ಗಿಸ್ಬ್ಯಾಡ. ಕದ್ದಿರೋ ಬಡ್ಡಿಮಕ್ಳು ಅವರು, ನಾವಲ್ಲ."

"ನಂಗೆ ಜಗಳ ಬ್ಯಾಡ ಕಣೋ. ಅವ್ವನ್ನ ಮನೆಗೆ ಕರ್ಕೊಂಡೋದ್ರೆ ಸಾಕು."

ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಒನೊದೆರಾ ಚಹಾ ಕೊಡಿಸಿದರು. ನಯವಾದ ಮಾತು, ನಯವಾದ ಕೈ.

"ನೋಡಿಯಮ್ಮಾ, ಆ ಸಮಾಧಿಗಳಿಗೆ ವಾರಸುದಾರರೇ ಇರಲಿಲ್ಲ. ನಮ್ಮ ಗುರುಗಳು ಬರೆದಿಟ್ಟಿದ್ದಾರೆ. ಆಳೆತ್ತರ ಹುಲ್ಲು, ಒಂದು ಹೂವಿಲ್ಲ, ಧೂಪವಿಲ್ಲ. ಯಾರೂ ಬಂದುಹೋದ ಗುರುತೇ ಇರಲಿಲ್ಲವಂತೆ."

"ನಾವು ಹೋಗಾಕಿಲ್ಲ ಸ್ವಾಮಿ," ಯಾಸುನೊ ಮೆಲ್ಲಗೆ ಹೇಳಿದಳು. "ಮಣ್ಣು ಮಾಡಿ ಬೆನ್ನು ತಿರುಗಿಸಿದ್ಮೇಲೆ ಆ ಕಡೆ ಹೆಜ್ಜೆ ಇಡಾಕಿಲ್ಲ. ಇಟ್ರೆ ಹೋದೋರ ದಾರಿಗೆ ತೊಡಕು. ಅವರಿಗೆ ಕೊಡೋದನ್ನ ಮನೆ ಒಲೆ ಮುಂದೆ ಕೊಡ್ತೀವಿ. ಒಲೇಲಿರೋ ದೇವ್ರು, ಬೆಂಕಿಯಜ್ಜಿ, ಒಯ್ದು ಮುಟ್ಟಿಸ್ತಾಳೆ."

ಒನೊದೆರಾ ಸರಕ್ಕನೆ ಮುಂದಕ್ಕೆ ಬಾಗಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. "ಬಹಳ ಉಪಯುಕ್ತ ಮಾಹಿತಿ. ದಯವಿಟ್ಟು ಇನ್ನೊಂದು ಸಲ ಹೇಳಿ."

"ಹೇಳ್ತೀನಿ ಕೇಳಿ!" ಸೇಕಿಚಿ ಎದ್ದು ನಿಂತ. "ನೀವು ನಿಮ್ಮ ಅಟ್ಟ ಹತ್ತಲಿಲ್ಲ ಅಂದ್ಬುಟ್ಟು ಅಲ್ಲಿರೋ ನಿಮ್ಮವ್ವನ ಪೆಟ್ಟಿಗೆ ನಾನು ಹೊತ್ಕೊಂಡೋಗ್ಲಾ? ಅದನ್ನೂ ತುಂಬ್ಕೊಳ್ಳಿ ಆ ಡಬ್ಬೀಲಿ!"

ಯಾಸುನೊ ಅವನ ಅಂಗಿ ಹಿಡಿದು ಕೂರಿಸಿದಳು.

ಒನೊದೆರಾ ಕರೆದೊಯ್ದ ಉಗ್ರಾಣದಲ್ಲಿ ನೆಲದಿಂದ ಸೂರಿನವರೆಗೆ ಕಬ್ಬಿಣದ ಗೂಡುಗಳು, ಗೂಡಿನ ತುಂಬ ಬಿಳಿ ಪೆಟ್ಟಿಗೆಗಳು. ಒಂದರ ಮೇಲೂ ಹೆಸರಿಲ್ಲ, ಬರೀ ಅಂಕೆ.

"ನಮ್ಮವ್ವ ಯಾವುದ್ರಲ್ಲವ್ಳೆ?"

"ನಿಮ್ಮೂರಿನವು ಆ ಸಾಲು. ಒಂದಕ್ಕೊಂದು ಬೆರೆತುಹೋಗಿವೆ, ಹೇಳಲಿಕ್ಕೆ ಬರುವುದಿಲ್ಲ. ಸಂಶೋಧನೆ ಇನ್ನೂ ಮುಗಿದಿಲ್ಲವಮ್ಮಾ."

ಅಷ್ಟರಲ್ಲಿ ಬಿಳಿ ಕೈಗವಸಿನ ಹುಡುಗಿಯೊಬ್ಬಳು ತಟ್ಟೆ ಹಿಡಿದು ಬಂದಳು. ಮುರಿದ ಸಾಮಾನು ಸರಿಮಾಡುವ ಹಾರುಮಿ. ತಟ್ಟೆಯಲ್ಲಿ ಒಂದು ಮರದ ಬಟ್ಟಲು.

"ಮೂರು ತುಂಡಾಗಿತ್ತು ಅಜ್ಜಿ. ಹೋದ ಚಳಿಗಾಲ ಪೂರ್ತಿ ಕೂತು ಕೂಡಿಸಿದೆ. ಎಲ್ಲಿ, ಗೆರೆ ಎಲ್ಲಿದೆ ಹುಡುಕಿ ನೋಡೋಣ!" ಹುಡುಗಿಯ ಮುಖ ಬೆಳಗುತ್ತಿತ್ತು.

ಬಟ್ಟಲಿನ ತಳದಲ್ಲಿ ಅಪ್ಪ ಚಾಕುವಿನಿಂದ ಕೆತ್ತಿದ ಮನೆತನದ ಗುರುತು. ಯಾಸುನೊಗೆ ಹೊಗೆಯ ವಾಸನೆ ಬಂದಂತಾಯಿತು. ಅವ್ವನನ್ನು ಮಣ್ಣು ಮಾಡಿದ ದಿನ ಅವಳ ಅಜ್ಜಿ ಅವ್ವನ ಈ ಬಟ್ಟಲನ್ನು ಕಲ್ಲಿನ ಮೇಲೆ ಬೋರಲಿಟ್ಟು, ಅವಳ ಪುಟ್ಟ ಕೈಗೆ ಇನ್ನೊಂದು ಕಲ್ಲು ಕೊಟ್ಟಿದ್ದಳು. "ಒಡಿ ಕೂಸೇ. ಇಲ್ಲಿ ಒಡೆದದ್ದು ಅಲ್ಲಿ ಇಡಿಯಾಗಿ ಸಿಕ್ತದೆ. ಒಡೀದಿದ್ರೆ ನಿಮ್ಮವ್ವ ಆ ಲೋಕದಾಗೆ ಬೊಗಸೇಲಿ ಉಣ್ಬೇಕು." ಕೂಸು ಬಿಕ್ಕುತ್ತ ಬಿಕ್ಕುತ್ತ ಒಡೆದಿತ್ತು.

ಈಗ ಅದು ಇಲ್ಲಿ ಇಡಿಯಾಗಿ ಕೂತಿದೆ. ಹಾಗಾದರೆ ಹೋದ ಚಳಿಗಾಲದಿಂದ ಅವ್ವನ ಕೈ ಬರಿದು.

"ಯಾಕಮ್ಮಾ ಕೂಡಿಸ್ದೆ?"

"ಒಡೆದುಹೋಗಿತ್ತಲ್ಲ ಅಜ್ಜಿ."

"ಒಡ್ದೋಳು ನಾನೇ ಕಣವ್ವ. ನಮ್ಮವ್ವಂಗೆ ಅಂತ ಒಡ್ದಿದ್ದೆ. ಅಲ್ಲಿ ಉಣ್ಲಿ ಅಂತ."

ಹಾರುಮಿಯ ಮುಖದ ಬೆಳಕು ಆರಿತು. ಒನೊದೆರಾರ ಮುಖ ಅರಳಿತು. "ಅದ್ಭುತ! ಇದನ್ನೇ ಫಲಕದಲ್ಲಿ ಬರೆಸೋಣ. ಇಲ್ಲೊಂದು ಸಹಿ ಹಾಕಿಬಿಡಿ, ಪ್ರದರ್ಶನಕ್ಕೆ ನಿಮ್ಮ ಒಪ್ಪಿಗೆ ಇದೆ ಅಂತ."

"ಬಟ್ಟಲು ಕೊಡಿ, ತಗೊಂಡೋಯ್ತೀನಿ."

"ಹಾಗೆಲ್ಲ ಕೊಡಲಿಕ್ಕಾಗುವುದಿಲ್ಲ. ದಾಖಲೆಗೆ ಏರಿದೆ, ದೇಶದ ಸೊತ್ತು."

"ಒಂದ್ಸಲ ಮುಟ್ಟಿ ನೋಡ್ಲಾ?"

"ಓ, ಧಾರಾಳವಾಗಿ. ಕೈಗವಸು ಹಾಕಿಕೊಳ್ಳಿ."

ಅವಳು ಹಾಕಿಕೊಳ್ಳಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೊತ್ತಿಕೊಂಡಳು. ಆಮೇಲೆ, ಅವಸರವಿಲ್ಲದೆ, ಸೊಪ್ಪು ಕೊಡವುವ ಹಾಗೆ, ಕಬ್ಬಿಣದ ಮೇಜಿನ ಅಂಚಿಗೆ ಅಪ್ಪಳಿಸಿದಳು.

"ಏಯ್! ಹುಚ್ಚು ಹಿಡಿಯಿತಾ ನಿನಗೆ? ಕಾಡುಜನ, ಕಾಡುಜನ!" ಒನೊದೆರಾರ ನಯ ಅಷ್ಟಕ್ಕೇ ಹರಿಯಿತು.

ಸೇಕಿಚಿ ನಡುವೆ ಬಂದು ನಿಂತ. "ನಮ್ಮಕ್ಕನ್ನ ಮುಟ್ಟಿದ್ಯೋ, ನಿನ್ನ ಬುರುಡೇನೂ ಇದೇ ಗೂಡಿಗೆ ಸೇರ್ತದೆ ಬೋಳಿಮಗನೆ."

ಎರಡನೆಯ ಏಟಿಗೆ ಅಂಟು ಬಿಟ್ಟಿತು. ಎರಡು ತುಂಡು ಅವಳ ಕೈಯಲ್ಲುಳಿದವು, ಮೂರನೆಯದು ಜಾರಿ ಹಾರುಮಿಯ ಕಾಲ ಬಳಿ ಬಿತ್ತು. ಒನೊದೆರಾ ಗೋಡೆಯ ಫೋನಿನಲ್ಲಿ ಪೊಲೀಸರನ್ನು ಕರೆಯುತ್ತ, ನಡುವೆ ಹಾರುಮಿಯ ಕಡೆ ತಿರುಗಿ ಕಿರುಚಿದರು: "ಎತ್ತಿಕೋ ಅದನ್ನ! ಎಲ್ಲ ತುಂಡೂ ಇಸಿದುಕೋ. ಮತ್ತೆ ಅಂಟಿಸಬಹುದು!"

ಯಾಸುನೊಗೆ ಅದು ಕೇಳಿಸಿದಂತಿರಲಿಲ್ಲ. ಯಾವ ಪೆಟ್ಟಿಗೆ ಎಂದು ತಿಳಿಯದೆ, ಆ ಸಾಲಿನ ಈ ತುದಿಯಿಂದ ಆ ತುದಿಯವರೆಗೂ ನಿಧಾನ ನಡೆದಳು. ಕಡೆಗೆ ಗೂಡಿನ ಬುಡದಲ್ಲಿ ಮಂಡಿಯೂರಿ ತುಂಡುಗಳನ್ನು ನೆಲಕ್ಕಿಟ್ಟಳು. "ಎಲ್ಲಿದ್ದೀಯೋ ಕಾಣೆ ಕಣವ್ವ. ತಗೋ. ಉಣ್ಣು."

ಹಾರುಮಿ ಕೈಗವಸು ಕಳಚಿ, ಕಾಲ ಬಳಿಯ ತುಂಡನ್ನು ಎತ್ತಿಕೊಂಡಳು. ಪ್ರೊಫೆಸರರ ಕಡೆ ನೋಡಲಿಲ್ಲ. ಮುದುಕಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಯಿಂದ ಅದನ್ನು ಅವಳ ಅಂಗೈಗೆ ಕೊಟ್ಟಳು.