ಐದು ತೂತು, ನಲವತ್ತೊಂದು ಗಂಟು

ಕಿಯೊಜಿ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಗಾಯಗಳನ್ನು ಮತ್ತೆ ಎಣಿಸಿದ. ಐದೇ. ನಾಲ್ಕು ಗಾಯ ಅಂಗಿಯ ಗುಂಡಿಯಷ್ಟು, ಹೊಕ್ಕುಳಿನ ಹತ್ತಿರದ್ದು ಮಾತ್ರ ಕಿರುಬೆರಳಿನುದ್ದ. ಇಷ್ಟು ಜಾಗದಲ್ಲಿ ಕ್ಯಾನ್ಸರ್ ಹಿಡಿದ ಜಠರದ ಮುಕ್ಕಾಲು ಪಾಲು ಹೊರಗೆ ಬಂತೆಂದರೆ ಯಾವ ಬಾಯಲ್ಲಿ ಒಪ್ಪಿಕೊಳ್ಳುವುದು? ಜಪಾನಿನ ನೀಗಾತಾದ ಬಂದರಿನಲ್ಲಿ ಅಪ್ಪ ಕೊಟ್ಟ ಚೂರಿ ಹಿಡಿದು ಮೂವತ್ತು ವರ್ಷ ಮೀನು ಸೀಳಿದವನು ಅವನು. ಒಳಗಿನದು ಹೊರಗೆ ಬರಬೇಕಾದರೆ ಹೊಟ್ಟೆ ಎಷ್ಟು ಬಿಚ್ಚಬೇಕೆಂದು ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

"ಮತ್ತೆ ಶುರು ಮಾಡಿದ್ರಾ?" ಹೆಂಡತಿ ಫುಸಾಯೆ ಗಂಜಿಯ ಬಟ್ಟಲು ಇಟ್ಟಳು. "ಆಪರೇಷನ್ ಆದ ಮೇಲೆ ಡಾಕ್ಟ್ರು ನನ್ನ ಕರೆದು ಟ್ರೇನಲ್ಲಿ ತೋರಿಸಿದ್ರು ಕಣ್ರೀ. ತೂತಿನಿಂದ ಒಳಗೆ ಕ್ಯಾಮೆರಾ ಇಳಿಸಿ, ಉದ್ದದ ಇಕ್ಕಳದಲ್ಲಿ ಬಿಡಿಸಿ ತೆಗೆದಿದ್ದಂತೆ. ಸುತ್ತಲಿನ ದುಗ್ಧಗ್ರಂಥಿಗಳನ್ನೂ ಬಿಟ್ಟಿಲ್ಲ. ಕೊಬ್ಬಿನೊಳಗೆ ಕಾಳಿನ ಹಾಗೆ ಇರ್ತಾವಲ್ಲ ಗಂಟು, ಅವು. ರೋಗ ಹರಡಿದ್ರೆ ಮೊದಲು ಅಲ್ಲಿಗೇ ಅಂತೆ."

"ಅವು ಹೇಗಿದ್ವು?"

"ಏನೂ ಇರಲಿಲ್ಲ. ಎಲ್ಲ ಚೆನ್ನಾಗಿದ್ವು." ಅವಳು ಚಮಚ ಒರೆಸತೊಡಗಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಕಿಯೊಜಿಯ ತಲೆ ಕೆಟ್ಟದ್ದು ಇಲ್ಲಿಯೇ. ಮೂವತ್ತು ವರ್ಷದ ಹಿಂದೆ ಅವನ ಅಪ್ಪನ ಹೊಟ್ಟೆಯನ್ನು ಎದೆಯಿಂದ ಹೊಕ್ಕುಳಿನ ಕೆಳಗಿನವರೆಗೆ ಸೀಳಿ, ಕೈಮೀರಿದೆ ಎಂದು ಹಾಗೆಯೇ ಹೊಲಿದಿದ್ದರು. ಆಗೆಲ್ಲ ರೋಗಿಗೆ ಕ್ಯಾನ್ಸರ್ ಎಂದು ಹೇಳುತ್ತಿರಲಿಲ್ಲ, ಮನೆಯವರಿಗೆ ಮಾತ್ರ ಹೇಳುತ್ತಿದ್ದರು. "ಹುಣ್ಣು ಅಷ್ಟೇ ಅಪ್ಪಾ, ಎಲ್ಲ ತೆಗೆದುಬಿಟ್ಟಿದ್ದಾರೆ, ಚೆನ್ನಾಗಿದ್ದೀರಿ" ಎಂದು ಕಿಯೊಜಿಯೇ ಹೇಳಿದ್ದ. ಆವತ್ತು ಅವನೂ ಏನನ್ನೋ ಒರೆಸುತ್ತಿದ್ದ. ಅಷ್ಟುದ್ದ ಸೀಳಿಯೂ ಏನೂ ತೆಗೆಯಲಿಲ್ಲವೆಂದರೆ ಐದು ತೂತಿನಲ್ಲಿ ತೆಗೆದದ್ದಾದರೂ ಏನು? ಇಣುಕಿ ನೋಡಿ ಮುಚ್ಚಿರಬೇಕು. ತಾನು ಸಾಯುವವನು, ಇವಳಿಗೆ ಅದು ಗೊತ್ತು.

"ಸಣ್ಣ ಮೀನಿನ ಬಾಯಿಗೆ ಎರಡು ಕಡ್ಡಿ ತೂರಿಸಿ, ತಿರುವಿ, ಹೊಟ್ಟೆ ಸೀಳದೆ ಎಲ್ಲ ಎಳೆದು ಹಾಕ್ತೀರಲ್ಲ, ಅದು ಆಗುತ್ತೆ. ಡಾಕ್ಟ್ರ ಕೈಲಿ ಮಾತ್ರ ಆಗಲ್ವಾ?" ಎಂದಳು ಫುಸಾಯೆ.

ಅದೂ ನಿಜ. ಈಗ ಅವನಿಗೆ ಏನೂ ತಿಳಿಯದಾಯಿತು. ಗಂಜಿ ಆರಿತು.

ಮಾರನೆಯ ವಾರ ಆಸ್ಪತ್ರೆಯಲ್ಲಿ ಡಾಕ್ಟರ್ ಹಿರಾಯಾಮ ಪರೀಕ್ಷೆಯ ವರದಿ ತೆರೆದರು. ಫುಸಾಯೆ ಕೈಚೀಲವನ್ನು ಅವುಚಿಕೊಂಡು ಕುಳಿತಿದ್ದಳು.

"ತೆಗೆದ ಭಾಗದಲ್ಲಿ ನಲವತ್ತೊಂದು ಗಂಟು ಸಿಕ್ಕಿವೆ. ಎರಡರಲ್ಲಿ ಕ್ಯಾನ್ಸರ್ ಇತ್ತು. ಒಂದು ವರ್ಷ ಮಾತ್ರೆ ತಗೋಬೇಕಾಗುತ್ತೆ."

"ಎರಡರಲ್ಲಿ ಇತ್ತಾ?"

"ಇತ್ತು."

ಕಿಯೊಜಿ ನಗತೊಡಗಿದ. ಹೊಲಿಗೆ ನೋಯುತ್ತಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕ. ಸಮಾಧಾನಕ್ಕೆ ಸುಳ್ಳು ಹೇಳುವವರು ಎರಡು ಎನ್ನುವುದಿಲ್ಲ, ಒಂದೂ ಇಲ್ಲ ಎನ್ನುತ್ತಾರೆ. ಹಾಗಾದರೆ ನಿಜವಾಗಿಯೂ ತೆಗೆದಿದ್ದಾರೆ. ಇಷ್ಟು ದಿನದಲ್ಲಿ ಅವನಿಗೆ ಸಂತೋಷವಾದದ್ದು ಈ ಕೆಟ್ಟ ಸುದ್ದಿಯಿಂದ. ಡಾಕ್ಟರು ಗಾಬರಿಯಿಂದ ಫುಸಾಯೆಯ ಕಡೆ ನೋಡಿದರು. ಅವಳು ಅಳುತ್ತಿದ್ದಳು.

ಬಸ್‌ಸ್ಟಾಪಿನ ಬೆಂಚಿನ ಮೇಲೆ ಅವನು ಕೇಳಿದ, "ನಿಂಗೆ ಆವತ್ತೇ ಗೊತ್ತಿತ್ತಾ?"

"ಒಂದೆರಡು ದಪ್ಪಗಿವೆ, ಅನುಮಾನ ಅಂದಿದ್ರು. ನಿಮ್ಮ ಮುಖ ನೋಡ್ಕೊಂಡು ಹೇಳೋಕಾಗಲಿಲ್ಲ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಚಮಚ ಸವೆದುಹೋಯ್ತು."

"ನೀವು ಹೇಳಿದ್ರಲ್ಲ ಮಾವನಿಗೆ. ಅವರು ನಂಬಿದ್ರು."

ಕಿಯೊಜಿ ಹೌದೆನ್ನಲು ಬಾಯಿ ತೆರೆದವನು ಅಲ್ಲಿಯೇ ತಡೆದುಕೊಂಡ. ಹುಣ್ಣು ಎಂದು ಹೇಳಿದ ಆ ಸಂಜೆಯೇ ಅಪ್ಪ ಹಾಸಿಗೆಯಲ್ಲಿ ಎದ್ದು ಕುಳಿತು, ಬಟ್ಟೆಯಲ್ಲಿ ಸುತ್ತಿದ್ದ ಮೀನಿನ ಚೂರಿ ತರಿಸಿ ಅವನ ಕೈಗಿಟ್ಟಿದ್ದರು. ದಿನಾ ಮಸೆಯಬೇಕು ಎಂದಿದ್ದರು. ಬರೀ ಹುಣ್ಣಾದವನು ತನ್ನ ಚೂರಿಯನ್ನು ಯಾಕೆ ಕೊಟ್ಟುಬಿಡುತ್ತಾನೆ? ಮೂವತ್ತು ವರ್ಷ ಅದೇ ಚೂರಿಯನ್ನು ಮಸೆದವನಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

"ನಂಬಿರಲಿಲ್ಲ ಕಣೇ," ಎಂದ ಕಿಯೊಜಿ. "ನನಗೋಸ್ಕರ ಸುಮ್ಮನಿದ್ರು."