ಮನೆ ನೋಡುವ ಭಾನುವಾರ

ಗಂಡಿನ ಮನೆ ನೋಡಲು ಬಂದವರು ಗೇಟಿನ ಹತ್ತಿರದಿಂದಲೇ ಕಾರು ತಿರುಗಿಸಿಕೊಂಡು ಹೋದರೆ ಆ ಗಂಡಿನ ಪಾಡು ಏನಾಗುತ್ತದೆ ಎನ್ನುವುದನ್ನು ಹೊಂಗನೂರಿನ ಲೋಕೇಶನನ್ನೇ ಕೇಳಬೇಕು. ಹೋದ ವರ್ಷ ಮದ್ದೂರಿನ ಕಡೆಯವರು ಬಂದಿದ್ದರು. ಗೇಟಿನ ಪಕ್ಕದ ತಿಪ್ಪೆ ನೋಡಿದರು, ಗಾರೆ ಕಾಣದ ಇಟ್ಟಿಗೆ ಗೋಡೆ ನೋಡಿದರು, ಅಂಗಳದ ತುಂಬ ಬಿದ್ದಿದ್ದ ಹಿಪ್ಪುನೇರಳೆ ಕಡ್ಡಿ, ಹಳೇ ಟ್ರ್ಯಾಕ್ಟರ್ ಟೈರು, ತುಕ್ಕು ಹಿಡಿದ ತಗಡು ಎಲ್ಲವನ್ನೂ ನೋಡಿದರು. "ಇನ್ನೊಂದಿನ ಬತ್ತೀವಿ" ಅಂದರು. ಆ ಇನ್ನೊಂದು ದಿನ ಇವತ್ತಿನವರೆಗೂ ಬಂದಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತವರಿಗೆ ಅಷ್ಟು ಸಾಕಾಯಿತು. "ಏನ್ಲಾ ಲೋಕೇಶ, ನಿಮ್ಮನೆ ತಿಪ್ಪೆ ನೋಡಕ್ಕೆ ಮದ್ದೂರಿಂದ ಜನ ಬಂದಿದ್ರಂತೆ?" ಎಂದು ತಿಂಗಳುಗಟ್ಟಲೆ ಕಿಚಾಯಿಸಿದರು.

ಆಗ ಅವನಿಗೆ ಅವಮಾನವಾಗಿತ್ತೇ ಹೊರತು ನೋವೇನೂ ಆಗಿರಲಿಲ್ಲ. ಆ ಹುಡುಗಿಯ ಮುಖವನ್ನೇ ಅವನು ಸರಿಯಾಗಿ ನೋಡಿರಲಿಲ್ಲ. ಈ ಸಲದ ಮಾತೇ ಬೇರೆ. ಈ ಸಲ ಬರುವವರು ಮರಳವಾಡಿಯ ಸೌಮ್ಯಳ ಮನೆಯವರು.

ಸೌಮ್ಯ ಸಿಕ್ಕಿದ್ದು ಕನಕಪುರದ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಪಕ್ಕದ ಎಲೆಯಲ್ಲಿ. ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಮಾತು ಚುರುಕು. ಲೋಕೇಶ ತಾನು ರೇಷ್ಮೆ ಹುಳ ಸಾಕುವವನು ಎಂದು ಒಸಿ ಅಳುಕಿನಿಂದಲೇ ಹೇಳಿದಾಗ ಅವಳು ಮುಖ ಕಿವುಚಲಿಲ್ಲ. "ನಮ್ಮಜ್ಜೀನೂ ಸಾಕ್ತಿತ್ತು. ಗೂಡು ಕಟ್ಟಕ್ಕೆ ಬಂದ ಹಣ್ಣು ಹುಳ ಆಯೋದಂದ್ರೆ ನಂಗೆ ಪ್ರಾಣ" ಅಂದಳು. ಹೋಳಿಗೆಯ ಮೇಲೆ ತುಪ್ಪ ಬಿತ್ತೋ ಇಲ್ಲವೋ ಅವನಿಗೆ ಆಮೇಲೆ ನೆನಪಿಲ್ಲ. ಅಂದಿನಿಂದ ಫೋನು, ಫೋನಿನ ಮೇಲೆ ಫೋನು. ಅವಳಿಲ್ಲದೆ ಇನ್ನು ತನಗೆ ಬೇರೆ ಮದುವೆ ಇಲ್ಲ ಅನ್ನುವ ಮಟ್ಟಿಗೆ ಹುಡುಗ ಮುಳುಗಿಹೋಗಿದ್ದ.

ತೊಡಕು ಒಂದೇ, ಅವಳ ಅಪ್ಪ ಜಯಕುಮಾರ್. ಅವರದು ಟೈಲ್ಸ್ ಅಂಗಡಿ. ಊರೂರು ಸುತ್ತಿ ಜನರ ಮನೆಗೆ ಟೈಲ್ಸ್ ಹಾಕಿಸಿ, ಮನೆಯ ಮುಂಭಾಗ ನೋಡಿಯೇ ಒಳಗಿನವರ ಯೋಗ್ಯತೆ ಅಳೆಯುವ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು. ಭಾನುವಾರ ಬರುವುದು ಗೊತ್ತಾದ ದಿನ ಸೌಮ್ಯ ಫೋನಿನಲ್ಲಿ ಬಿಡಿಸಿ ಹೇಳಿದಳು: "ನಮ್ಮಪ್ಪ ಗೇಟಿನತ್ರಾನೇ ತೀರ್ಮಾನ ಮಾಡ್ಬುಡ್ತಾರೆ ಕಣ್ರೀ. ಒಳಗೆ ಬಂಗಾರ ಇದ್ರೂ ನೋಡಕಿಲ್ಲ. ಮುಂದ್ಗಡೆ ಒಸಿ ಸರಿ ಮಾಡ್ಕಳಿ."

ಅಲ್ಲಿಂದ ಶುರುವಾಯಿತು ನೋಡಿ ಆ ಮನೆಯಲ್ಲಿ ಸಂಭ್ರಮ.

ಮಾಗಡಿಗೆ ಕೊಟ್ಟಿದ್ದ ಅಕ್ಕ ಲತಾಮಣಿ ಸುದ್ದಿ ಕೇಳಿದ್ದೇ ತಡ, ಸೀರೆ ಎರಡು ಬ್ಯಾಗಿಗೆ ತುರುಕಿಕೊಂಡು ಬಸ್ಸು ಹತ್ತಿ ಬಂದಳು. ಬಂದವಳು ನೀರು ಕೂಡ ಕುಡಿಯದೆ ಸೊಂಟಕ್ಕೆ ಕೈಯಿಟ್ಟು ಅಂಗಳದಲ್ಲಿ ನಿಂತಳು. "ಲೋ ಲೋಕಿ, ಇದು ಮನೆ ಮುಂದ್ಗಡೆನೋ ಗುಜರಿ ಅಂಗಡಿನೋ? ತಿಪ್ಪೆ ಹಿಂದಕ್ಕೆ. ಟೈರು ಹಿಂದಕ್ಕೆ. ತಗಡು ಹಿಂದಕ್ಕೆ. ಎಲ್ಲಾ ಹಿಂದಕ್ಕೆ!" ಅವಳ ಬಾಯಿ ನಿಲ್ಲುವಷ್ಟರಲ್ಲಿ ಲೋಕೇಶ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಸಂಜೆಯೊಳಗೆ ಮನೆಯ ಮುಂದಿದ್ದ ಕಸಕಡ್ಡಿಯೆಲ್ಲ ಹಿತ್ತಿಲು ಸೇರಿತು. ಹಿತ್ತಿಲಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು, ಮುಂದೆ ಮಾತ್ರ ಕಬಡ್ಡಿ ಆಡುವಷ್ಟು ಬಯಲು. ಅದನ್ನು ನೋಡಿಯೇ ಲೋಕೇಶನಿಗೆ ಅರ್ಧ ಮದುವೆ ಆದಂತಾಯಿತು.

ಬಣ್ಣಕ್ಕೆ ಚನ್ನಪಟ್ಟಣದ ಶೋಯೆಬ್ ಬಂದ. ಅವನ ಮನೆಯವರೆಲ್ಲ ಬೊಂಬೆ ಮಾಡುವವರು, ಅವನೊಬ್ಬ ಗೋಡೆಗೆ ಬಣ್ಣ ಬಳಿಯುವವನಾಗಿದ್ದ. ಲೋಕೇಶನ ಜೊತೆ ಹೈಸ್ಕೂಲು ಓದಿದವನು, ಈ ಮನೆಯಲ್ಲಿ ಅವನಿಗೆ ತಟ್ಟೆ ಎಲ್ಲಿದೆ ಲೋಟ ಎಲ್ಲಿದೆ ಎಲ್ಲ ಗೊತ್ತು. ಗಾರೆಯವರು ಗೋಡೆ ನುಣುಪು ಮಾಡಿ ಹೋಗುವುದನ್ನೇ ಕಾಯುತ್ತಿದ್ದ ಅವನು ಡಬ್ಬ ತೆರೆದು ಕಡ್ಡಿಯಲ್ಲಿ ಬಣ್ಣ ಎತ್ತಿ ತೋರಿಸಿದ.

"ಹಳದಿ ಕಣ್ಲಾ. ನಮ್ಮ ಬೊಂಬೆ ಹಳದಿ. ಕಿಟಕಿಗೆ ಕೆಂಪು, ಗೇಟಿಗೆ ಹಸಿರು. ರಸ್ತೇಲಿ ಹೋಗೋ ಬಸ್ಸೂ ನಿಂತ್ಕಂಡು ನೋಡ್ಬೇಕು."

"ಬಸ್ಸು ಬ್ಯಾಡ ಕಣೋ, ನಮ್ಮ ಮಾವ ನಿಂತ್ಕಂಡ್ರೆ ಸಾಕು" ಅಂದ ಲೋಕೇಶ.

"ಆಗ್ಲೇ ಮಾವ ಅಂತಾನೆ ನೋಡು!" ಎಂದು ಲತಾಮಣಿ ಬಿದ್ದು ಬಿದ್ದು ನಕ್ಕಳು.

ನಗದೆ ಇದ್ದವಳು ಒಬ್ಬಳೇ, ತಾಯಿ ವೆಂಕಟಲಕ್ಷ್ಮಮ್ಮ. ಗಂಡ ತೀರಿದ ಮೇಲೆ ಹುಳ ಸಾಕಿಯೇ ಮಗನನ್ನೂ ಮಗಳನ್ನೂ ದಡ ಹತ್ತಿಸಿದ ಹೆಂಗಸು. ಮನೆಯ ನಡುವಿನ ದೊಡ್ಡ ಹಜಾರವೇ ಹುಳದ ಮನೆ. ಅಲ್ಲಿ ತಟ್ಟೆ ತಟ್ಟೆ ತುಂಬ ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬಕಾಸುರನ ಹಾಗೆ ಸೊಪ್ಪು ತಿನ್ನುತ್ತಿದ್ದವು. ಲೋಕೇಶ ನರ್ಸರಿಯಿಂದ ಚೆಂಡುಹೂವಿನ ಗಿಡ ತರುತ್ತೇನೆ ಎಂದಾಗ ಅವಳು ಖಡಾಖಂಡಿತವಾಗಿ ಬೇಡವೆಂದಳು. "ನರ್ಸರಿ ಗಿಡಕ್ಕೆ ಔಸ್ತಿ ಹೊಡ್ದಿರ್ತಾರೆ. ಗಾಳೀಲಿ ಹುಳಕ್ಕೆ ಬಡುದ್ರೆ ಒಂದೂ ಉಳಿಯಕಿಲ್ಲ." ಸರಿ, ಲತಾಮಣಿ ಕೇರಿಯ ಮನೆಮನೆಗೂ ಹೋಗಿ ಕನಕಾಂಬರ, ದಾಸವಾಳ, ಕಾಕಡ ಬೇಡಿ ತಂದು ಗೇಟಿನಿಂದ ಬಾಗಿಲವರೆಗೆ ಎರಡೂ ಕಡೆ ನೆಟ್ಟಳು. ಗಿಡಗಳು ಮೊದಲ ದಿನ ತಲೆ ಬಾಗಿಸಿದವು, ಮರುದಿನ ತಲೆಯೆತ್ತಿದವು.

"ಗಿಡ ಆಯ್ತು. ಈ ಬಣ್ಣದ ಘಾಟಿಗೇನ್ ಮಾಡೀಯ?" ಅಂದಳು ವೆಂಕಟಲಕ್ಷ್ಮಮ್ಮ.

ಲೋಕೇಶ ಅದಕ್ಕೂ ಉಪಾಯ ಹೂಡಿದ. ಹುಳದ ಮನೆಯ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಶೀಟು ಬಿಗಿದು, ಸಂದುಗೊಂದಿಗೆ ಗೋಣಿ ತುರುಕಿದ. ಘಾಟು ಒಳಗೆ ಹೋಗಲಿಲ್ಲ, ಹುಳ ಚೆನ್ನಾಗಿದ್ದವು. ಒಳಗಿನ ಬಿಸಿ ಮಾತ್ರ ಹೊರಗೆ ಬರಲಿಲ್ಲ. ಬೇಸಿಗೆ ಆಗತಾನೆ ಕಾಲಿಟ್ಟಿತ್ತು. ಸೆಕೆ ಹೆಚ್ಚಾದರೆ ಹುಳ ಬೇಗ ಮಾಗುತ್ತದೆ ಅನ್ನುವುದು ಹೊಂಗನೂರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು, ಲೋಕೇಶನಿಗೂ ಗೊತ್ತು. ಆದರೆ ಆ ವಾರ ಅವನ ತಲೆಯಲ್ಲಿ ಹಳದಿ ಬಣ್ಣ ಬಿಟ್ಟು ಬೇರೇನಕ್ಕೂ ಜಾಗವಿರಲಿಲ್ಲ. ಹುಳ ಹಣ್ಣಾಗುವುದು ಮಂಗಳವಾರ, ಬೀಗರಾಗುವವರು ಬರುವುದು ಭಾನುವಾರ ಎಂದು ಲೆಕ್ಕ ಹಾಕಿ ನಿಶ್ಚಿಂತೆಯಾಗಿದ್ದ.

ಶನಿವಾರ ಕೊನೆಯ ಕೋಟು ಮುಗಿಯಿತು. ಶೋಯೆಬ್ ತನ್ನ ಮನೆಯಿಂದ ಅರಗು ಬಣ್ಣದ ಮರದ ಗುಂಡುಗಳನ್ನು ತಂದು ಗೇಟಿನ ಕಂಬಗಳ ಮೇಲೆ ಕೂರಿಸಿದ. ರಸ್ತೆಯಾಚೆ ಹೋಗಿ ನಿಂತು ಮೂವರೂ ನೋಡಿದರು. ಹಳದಿ ಗೋಡೆ, ಕೆಂಪು ಕಿಟಕಿ, ಕೆಮ್ಮಣ್ಣು ಸಾರಿಸಿದ ಅಂಗಳ, ಹೂವಿನ ಸಾಲು. ತಾನು ಹುಟ್ಟಿ ಬೆಳೆದ ಮನೆ ಇಷ್ಟು ಚೆಂದವಿದೆ ಎಂದು ಲೋಕೇಶನಿಗೇ ಗೊತ್ತಿರಲಿಲ್ಲ. ಟೀ ಅಂಗಡಿಯವರು ಕೂಡ ಎದ್ದು ಬಂದು ನೋಡಿ ಬಾಯಿ ಮುಚ್ಚಿಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಸೊಪ್ಪು ಹಾಕಲು ಹುಳದ ಮನೆಗೆ ಹೋದ ವೆಂಕಟಲಕ್ಷ್ಮಮ್ಮ ಅಲ್ಲಿಂದಲೇ ಕೂಗಿದಳು. "ಲೋಕೇಶಾ! ಬಾರೋ ಇಲ್ಲಿ! ಹುಳ ಹಣ್ಣಾಗ್ಬುಟ್ಟವೆ ಕಣೋ!"

ಓಡಿ ಬಂದವನು ಬಾಗಿಲಲ್ಲೇ ನಿಂತ. ರಾತ್ರಿ ಹಾಕಿದ ಸೊಪ್ಪು ಹಾಗೇ ಇತ್ತು. ಒಂದು ಹುಳವೂ ಬಾಯಿ ಹಾಕಿರಲಿಲ್ಲ. ಮೈಯೆಲ್ಲ ಮಾಗಿದ ದ್ರಾಕ್ಷಿಯ ಹಾಗೆ ತಿಳಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಇನ್ನು ಅವು ಕಾಯುವುದಿಲ್ಲ. ಒಂದೊಂದನ್ನೂ ಆಯ್ದು, ಗೂಡು ಕಟ್ಟಿಸುವ ಬಿದಿರಿನ ತಟ್ಟಿ ಚಂದ್ರಿಕೆಯ ಮೇಲೆ ಬಿಡಬೇಕು, ತಡವಾದರೆ ತಟ್ಟೆಯಲ್ಲೇ ಸೊಪ್ಪಿನ ಕಸದ ಜೊತೆ ಸುತ್ತಿಕೊಂಡು ಗೂಡೆಲ್ಲ ಹಾಳು. ಲೋಕೇಶ ಕಿಟಕಿಯ ಶೀಟು ನೋಡಿದ, ಹಣೆಯ ಬೆವರು ಒರೆಸಿಕೊಂಡ, ಎಲ್ಲ ಅರ್ಥವಾಯಿತು. "ನನ್ ಕೈಯಾರೆ ನಾನೇ ಕೆಡಿಸ್ಕಂಡೆ ಕಣವ್ವ" ಅಂದ.

"ಅದೆಲ್ಲ ಆಮ್ಯಾಲೆ. ಚಂದ್ರಿಕೆ ತತ್ತಾ ಹೋಗು."

ಪ್ರತಿ ಬೆಳೆಗೂ ಚಂದ್ರಿಕೆ ನಿಲ್ಲಿಸುತ್ತಿದ್ದುದು ಹಿತ್ತಿಲಲ್ಲಿ. ಹಿತ್ತಿಲಲ್ಲಿ ಈಗ ತಿಪ್ಪೆ, ಟೈರು, ತಗಡು ಮೆರೆಯುತ್ತಿದ್ದವು. ಉಳಿದದ್ದು ಮುಂದಿನ ಅಂಗಳ ಒಂದೇ. ಹುಳ ಆಯಲು ಬರುತ್ತಿದ್ದ ಕೇರಿಯ ಹೆಂಗಸರಿಗೆ ಮಂಗಳವಾರ ಎಂದು ಹೇಳಿಯಾಗಿತ್ತು, ಅವರೆಲ್ಲ ಬೇರೆ ಕಡೆ ಕೆಲಸಕ್ಕೆ ಹೋಗಿಬಿಟ್ಟಿದ್ದರು. ತನ್ನ ಬಣ್ಣವನ್ನು ಬೀಗರು ನೋಡಿ ಹೊಗಳುವುದನ್ನು ಕಣ್ಣಾರೆ ಕಾಣಬೇಕೆಂದು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ಶೋಯೆಬ್ ಅಂಗಿ ಬಿಚ್ಚಿ ಚಂದ್ರಿಕೆ ಹೊತ್ತ. ಮನುಷ್ಯನಿಗಿಂತ ಎತ್ತರದ ಆ ಬಿದಿರಿನ ತಟ್ಟಿಗಳು ಒಂದರ ಪಕ್ಕ ಒಂದು ಹಳದಿ ಗೋಡೆಗೆ ಒರಗಿದವು, ಕೆಂಪು ಕಿಟಕಿಗೆ ಒರಗಿದವು, ಹೂವಿನ ಗಿಡಗಳ ನೆತ್ತಿಯ ಮೇಲೇ ಕೂತವು. ಹಣ್ಣಾದ ಹುಳ ಗೂಡು ಕಟ್ಟುವ ಮೊದಲು ಒಮ್ಮೆ ಉಚ್ಚೆ ಹೊಯ್ಯುತ್ತದೆ. ಸಾರಿಸಿದ ಅಂಗಳಕ್ಕೂ ಹೊಸ ಬಣ್ಣಕ್ಕೂ ಅದರ ಹನಿಗಳು ತಪತಪ ಬಿದ್ದವು.

"ನನ್ ಗೋಡೆ ಹೋಯ್ತಲ್ಲೋ!" ಅಂದ ಶೋಯೆಬ್. ಆದರೂ ಕೈ ನಿಲ್ಲಿಸಲಿಲ್ಲ. ಯಾರೂ ನಿಲ್ಲಿಸಲಿಲ್ಲ. ಹೆದರಿಕೆಯ ಜೊತೆಗೆ ಒಂದು ಹುರುಪೂ ಸೇರಿಕೊಂಡಿತ್ತು, ಏಕೆಂದರೆ ಇಷ್ಟು ತುಂಬಿ ಬಂದ ಬೆಳೆ ಆ ಮನೆ ಈಚೆಗೆ ಕಂಡಿರಲಿಲ್ಲ.

ಆ ಹೊತ್ತಿಗೆ ಗೇಟಿನ ಮುಂದೆ ಕಾರು ಬಂದು ನಿಂತಿತು.

ಮೊದಲು ಇಳಿದವರು ಜಯಕುಮಾರ್. ಪಾಲಿಶ್ ಮಾಡಿದ ಷೂ, ಬಿಳಿ ಅಂಗಿ. ಹಿಂದೆ ಅವರ ಹೆಂಡತಿ, ಆಮೇಲೆ ಸೌಮ್ಯ. ಜಯಕುಮಾರ್ ಗೇಟಿನ ಹತ್ತಿರ ನಿಂತು ಮನೆ ನೋಡಿದರು. ಕಂಡದ್ದು ಬರೀ ಬಿದಿರು. ಬಿದಿರಿನ ನಡುವೆ ಬನಿಯನ್ನಿನಲ್ಲಿ, ಬೊಗಸೆಯಲ್ಲಿ ಹುಳ ತುಂಬಿಕೊಂಡು, ಕೂದಲಲ್ಲಿ ಸೊಪ್ಪಿನ ಚೂರು ಸಿಕ್ಕಿಸಿಕೊಂಡು ನಿಂತ ಲೋಕೇಶ.

ವೆಂಕಟಲಕ್ಷ್ಮಮ್ಮ ದಡದಡ ನಡೆದು ಗೇಟಿಗೆ ಅಡ್ಡ ನಿಂತಳು. ಕೈ ಮುಗಿದು ಹೇಳಿದಳು: "ತಪ್ಪು ತಿಳ್ಕಬ್ಯಾಡಿ ಅಣ್ಣ. ಹುಳ ಹಣ್ಣಾಗ್ಬುಟ್ಟವೆ. ಇವತ್ತು ಹೊರಗ್ನೋರ್ನ ಒಳಕ್ಕೆ ಕರೆಯಂಗಿಲ್ಲ, ಕಣ್ಣಾಗ್ತದೆ. ಇನ್ನೊಂದಿನ ಬನ್ನಿ."

ಲತಾಮಣಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೆ ತಾಯಿಯದು ಹಟವಲ್ಲ. ಹಣ್ಣು ಹುಳದ ಮೇಲೆ ಪರವೂರಿನವರ ಕಣ್ಣು ಬೀಳಬಾರದು ಅನ್ನುವುದು ಅವಳ ಅತ್ತೆಯ ಕಾಲದಿಂದ ಬಂದ ಕಟ್ಟು. ಶೋಯೆಬನಾದರೆ ಮನೆಯ ಹುಡುಗನಿದ್ದಂತೆ, ಆ ಕಟ್ಟನ್ನು ಬೀಗರಿಗಾಗಿಯೂ ಅವಳು ಮುರಿಯುವವಳಲ್ಲ. ಜಯಕುಮಾರ್ ಅವರ ಮುಖ ಬಿಗಿಯಿತು. "ಗೇಟಿಂದ ಆಚೆ ನಿಲ್ಲಿಸಿ ಕಳಿಸ್ತಾರೆ ಅಂತ ಗೊತ್ತಿದ್ರೆ ಬತ್ತಾನೇ ಇರ್ನಿಲ್ಲ. ನಡೀಮ್ಮ ಸೌಮ್ಯ" ಎಂದು ಕಾರಿನ ಕಡೆ ತಿರುಗಿದರು.

ಹೋದ ವರ್ಷದ ಕಾರು ಹೋದರೆ ಹೋಗಲಿ, ಈ ಕಾರು ಹೋಗಬಾರದು. ಏನು ಮಾಡಬೇಕೆಂದು ತೋಚದೆ ಲೋಕೇಶ ಕೈಯಲ್ಲಿದ್ದ ಹುಳವನ್ನು ಗಡಬಡಿಸಿ ಚಂದ್ರಿಕೆಗೆ ಬಿಟ್ಟು, ಆ ಚಂದ್ರಿಕೆಯನ್ನೇ ಪಕ್ಕಕ್ಕೆ ಎಳೆದ. "ಒಂದ್ನಿಮಿಷ ನೋಡಿ ಸಾರ್! ಹಿಂದ್ಗಡೆ ಗೋಡೆ ಐತೆ! ಹಳದಿ ಬಣ್ಣ! ನಿನ್ನೆ ತಾನೇ ಹೊಡ್ಸಿದ್ದು!" ಎಂದು ಕೂಗಿದ. ಎಳೆದ ರಭಸಕ್ಕೆ ಚಂದ್ರಿಕೆ ವಾಲಿತು, ಬಿಟ್ಟಿದ್ದ ಹುಳಗಳು ಪಟಪಟನೆ ನೆಲಕ್ಕೆ ಉದುರಿದವು.

"ಅಯ್ಯೋ, ಹುಳ ಬಿದ್ವು ಕಣ್ರೀ!" ಕಾರಿನ ಹತ್ತಿರದಿಂದ ಸೌಮ್ಯ ಕಿರುಚಿದಳು. "ಗೋಡೆಗೆ ಬೆಂಕಿ ಬೀಳ, ಮೊದ್ಲು ಹುಳ ಎತ್ಕಳಿ!" ಹೇಳುತ್ತಲೇ ಅವಳು ಚಪ್ಪಲಿ ಬಿಟ್ಟು ಗೇಟಿನವರೆಗೆ ಓಡಿ ಬಂದಿದ್ದಳು.

ವೆಂಕಟಲಕ್ಷ್ಮಮ್ಮ ಕೈ ಅಡ್ಡ ಹಿಡಿದಳು. "ನಿಂತ್ಕಳವ್ವ. ಹೊರಗ್ನೋರು ಬರಂಗಿಲ್ಲ ಅಂದ್ನಲ್ಲ."

ಸೌಮ್ಯ ನಿಂತಳು. ತಿರುಗಿ ಅಪ್ಪನ ಮುಖ ನೋಡಿದಳು. ಆಮೇಲೆ ನೆಲದ ಮೇಲೆ ಮಂಡಿಯೂರಿ ಹುಳ ಹೆಕ್ಕುತ್ತಿದ್ದ ಲೋಕೇಶನನ್ನು ನೋಡಿದಳು. ಅವನು ತಲೆಯೆತ್ತಿದ, ಕಣ್ಣಲ್ಲಿ ನೀರು ನಿಂತಿತ್ತು. ಅವಳು ಸೀರೆಯ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

"ಹಂಗಾರೆ ಮನೆಯೋಳು ಅಂತ್ಲೇ ಕರೀರಿ ಅತ್ತೆ. ಹುಳ ಕಾಯಕಿಲ್ಲ" ಅಂದಳು.

ಶೋಯೆಬ್ ಹೊತ್ತಿದ್ದ ಚಂದ್ರಿಕೆಯನ್ನು ಹಾಗೇ ಹಿಡಿದು ನಿಂತ. ವೆಂಕಟಲಕ್ಷ್ಮಮ್ಮ ಆ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಹೋಗಿ ತೊಟ್ಟಿಯಿಂದ ಚೊಂಬು ತುಂಬಿ ತಂದಳು, ಗೇಟನ್ನು ಹಾರುಹೊಡೆದಳು, ಬಗ್ಗಿ ಸೌಮ್ಯಳ ಕಾಲಿಗೆ ತಾನೇ ನೀರು ಹಾಕಿದಳು. "ಬಾ ಮಗಳೆ. ಆ ಮೂಲೆ ತಟ್ಟೆ ಪೂರ್ತಿ ಹಣ್ಣಾಗೈತೆ, ಅಲ್ಲಿಂದ ಹಿಡ್ಕೊ" ಅಂದಳು.

ಸೌಮ್ಯ ಒಳಗೆ ಹೋದಳು. ಹೋಗುವಾಗ ಲೋಕೇಶನ ತಲೆಯಲ್ಲಿದ್ದ ಸೊಪ್ಪಿನ ಚೂರನ್ನು ತೆಗೆದು ಬಿಸಾಕಿದಳು. ಎಲ್ಲರೆದುರಿಗೇ!

ಜಯಕುಮಾರ್ ಕಾರಿನ ಬಾಗಿಲ ಮೇಲೆ ಕೈಯಿಟ್ಟುಕೊಂಡೇ ಅಂಗಳದ ಕಡೆ ತಿರುಗಿದರು. ಮಗಳು ಹುಳ ತುಂಬಿದ ತಟ್ಟೆ ಹೊತ್ತು ಹೊರಗೆ ಬಂದಳು, ಲೋಕೇಶ ಅದರ ಇನ್ನೊಂದು ಅಂಚು ಹಿಡಿದಿದ್ದ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಅಪ್ಪ ಚೊಂಬು ಹಿಡಿದು ಗೇಟಿನಲ್ಲಿದ್ದ ವೆಂಕಟಲಕ್ಷ್ಮಮ್ಮನ ಕಡೆ ನೋಡಿ, ಒಂದು ಸಲ ಕೆಮ್ಮಿ, ಕಾರಿಗೆ ಒರಗಿ ಬಗ್ಗಿದರು, ಷೂ ಲೇಸು ಬಿಚ್ಚತೊಡಗಿದರು.

"ನಂಗೂ ಕಾಲಿಗೆ ಒಸಿ ನೀರು ಹಾಕವ್ವ" ಅಂದರು.